ಒಂದೇ ಕೈಯಲ್ಲಿ ಓದಿದ ಪುಸ್ತಕಗಳು

ಈಚೆಗೆ ಯಾವುದೇ ಪುಸ್ತಕವನ್ನು ಕೈಗೆತ್ತಿಕೊಂಡರೂ ನಾನು ಮೊದಲು ನೋಡುವುದು ಅದರ ತೂಕವನ್ನು. ಬರೆದವರು ಯಾರು, ಮುನ್ನುಡಿ ಯಾರದು ಎಂಬುದೆಲ್ಲ ಆಮೇಲೆ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ನನ್ನ ಎಡಗೈ ಡಯಾಲಿಸಿಸ್ ಯಂತ್ರದ ವಶದಲ್ಲಿರುತ್ತದೆ. ಎರಡು ಸೂಜಿ ಚುಚ್ಚಿಸಿಕೊಂಡ ಆ ಕೈ ಅಲುಗುವಂತಿಲ್ಲ. ಉಳಿದದ್ದು ಬಲಗೈ. ಅದೇ ಪುಸ್ತಕ ಹಿಡಿಯಬೇಕು, ಅದೇ ಹಾಳೆ ಮಗುಚಬೇಕು, ಕಿವಿ ತುರಿಸಿದರೆ ಅದೇ ಓಡಬೇಕು. ಆರುನೂರು ಪುಟಗಳ ಐತಿಹಾಸಿಕ ಕಾದಂಬರಿಯೊಂದು ಎರಡನೆಯ ಅಧ್ಯಾಯದಲ್ಲೇ ಕೈಜಾರಿ ನನ್ನ ಮೂಗಿನ ಮೇಲೆ ಬಿತ್ತು. ರಾಜಕುಮಾರನಿಗೆ ಆಗಿನ್ನೂ ಪಟ್ಟವೂ ಆಗಿರಲಿಲ್ಲ. ಓದು ಅಲ್ಲಿಗೇ ನಿಂತಿತು. ಆ ಕೃತಿಯ ಬಗ್ಗೆ ನನ್ನ ವಿಮರ್ಶೆ ಇಷ್ಟೆ: ರಟ್ಟು ಬಹಳ ಗಟ್ಟಿ.

ಹೈದರಾಬಾದಿನ ನಾರಾಯಣಗೂಡದ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಹಿಂದಿ ಪಾಠ ಹೇಳಿದವನು ನಾನು. ಮನೆಯಲ್ಲಿ ಬೀದರಿನ ಕನ್ನಡ, ಬೀದಿಯಲ್ಲಿ ತೆಲುಗು, ಹೊಟ್ಟೆಪಾಡಿಗೆ ಹಿಂದಿ. ನಿವೃತ್ತಿಯಾಗಲಿ, ಉಳಿದ ಕನ್ನಡ ಪುಸ್ತಕಗಳನ್ನೆಲ್ಲ ಓದಿಬಿಡುತ್ತೇನೆ ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಿದ್ದೆ. ನನ್ನ ಮೂತ್ರಪಿಂಡಗಳು ಅದನ್ನು ಕೇಳಿಸಿಕೊಂಡಿರಬೇಕು. ಓದಲು ಬೇಕಾದಷ್ಟು ಹೊತ್ತು ಒದಗಿಸಿಕೊಟ್ಟು ತಾವು ಕೆಲಸ ನಿಲ್ಲಿಸಿದವು. ಕಲಬುರಗಿಯ ಭಾವಮೈದುನ ಬಂದಾಗಲೆಲ್ಲ ಒಂದು ಚೀಲ ಪುಸ್ತಕ ತಂದು ಸುರಿಯುತ್ತಾನೆ. ಆರಿಸುವ ಗೋಜಿಗೆ ಹೋಗುವ ಮನುಷ್ಯನಲ್ಲ. ಹರಟೆಯ ಜೊತೆ ಆತ್ಮಕಥೆ, ಅದರ ಕೆಳಗೆ ಬದುಕಿನಲ್ಲಿ ಗೆಲ್ಲುವುದು ಹೇಗೆಂದು ಕಲಿಸುವ ಪುಸ್ತಕ, ಎಲ್ಲವೂ ಒಟ್ಟಿಗೆ ಬರುತ್ತವೆ.

ನನ್ನ ಪಕ್ಕದ ಹಾಸಿಗೆಗೆ ಶರಣಮ್ಮ ಬಂದದ್ದು ಕಳೆದ ಚಳಿಗಾಲದಲ್ಲಿ. ಯಾದಗಿರಿ ಕಡೆಯವಳು. ಗಂಡ ಭೀಮಪ್ಪನ ಜೊತೆ ಉಪ್ಪಲ್‌ನಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಿದ್ದಳು. ಕಾಲು ಬಾತುಕೊಂಡರೂ ಹೊತ್ತಳು, ಮುಖ ಬಾತುಕೊಂಡರೂ ಹೊತ್ತಳು. ಮೂರನೆಯ ಮಹಡಿಯ ಮೆಟ್ಟಿಲಲ್ಲಿ ಉಸಿರು ಕಟ್ಟಿ ಬಿದ್ದ ದಿನ ಕಾಯಿಲೆಯ ಹೆಸರು ತಿಳಿಯಿತು. ವಯಸ್ಸು ನಲವತ್ತೂ ಆಗಿರಲಿಲ್ಲ. ಎರಡು ವಾರ ಯಾರೊಂದಿಗೂ ಮಾತಾಡದೆ ಮೇಲೆ ತಿರುಗುವ ಫ್ಯಾನನ್ನೇ ನೋಡುತ್ತ ಮಲಗಿದ್ದಳು. ಒಂದು ದಿನ ನಾನು ಹರಟೆಯ ಪುಸ್ತಕ ಓದುತ್ತ ಕಿಸಕ್ಕನೆ ನಕ್ಕೆ.

"ಒಬ್ಬರ ನಗಾಕತ್ತೀರಲ್ರಿ ಮಾಸ್ತರ, ಅದರಾಗ ಏನೈತಿ, ನಮಗೂ ಹೇಳ್ರಿ."

ಆ ವಾರ್ಡಿನಲ್ಲಿ ಕನ್ನಡ ಕೇಳಿ ಬೆಚ್ಚಿಬಿದ್ದೆ. "ನಿನಗ ಓದಾಕ ಬರ್ತೈತೇನವಾ?" ಎಂದು ಕೇಳಿದೆ.

"ಬಂದಿದ್ರ ನಿಮ್ಮನ್ನ ಯಾಕ ಕೇಳ್ತಿದ್ದೆ?"

ಅದೇ ಪುಟವನ್ನು ಗಟ್ಟಿಯಾಗಿ ಓದಿದೆ. ಅವಳು ಕೊನೆಯವರೆಗೂ ಗಂಭೀರವಾಗಿ ಕೇಳಿ, "ಇದಕ್ಕ ನಕ್ಕಿರೇನ್ರಿ?" ಎಂದಳು. ಹರಟೆಯ ಪುಸ್ತಕದ ಕಥೆ ಅಲ್ಲಿಗೆ ಮುಗಿಯಿತು.

ಅಂದಿನಿಂದ ನಾನು ಓದುವವನು, ಅವಳು ಅಭಿಪ್ರಾಯ ಹೇಳುವವಳು. ಗೆಲುವಿನ ಪುಸ್ತಕದಲ್ಲಿ, ದಿನವೂ ಬೆಳಗಿನ ಐದಕ್ಕೆ ಎದ್ದರೆ ಬದುಕೇ ಬದಲಾಗುತ್ತದೆ ಎಂದಿತ್ತು. "ನಾ ನಾಕಕ್ಕ ಏಳ್ತಿದ್ದೆ ಮಾಸ್ತರ. ಆ ಒಂದು ತಾಸಿನಾಗ ಕೆಟ್ಟಿತೋ ಏನೋ," ಎಂದಳು. ನಾನು ಜೋರಾಗಿ ನಕ್ಕದ್ದಕ್ಕೆ ಯಂತ್ರ ಕೂಗಿಕೊಂಡಿತು. ಟೆಕ್ನಿಷಿಯನ್ ಓಡಿಬಂದು, ಕೈ ಅಲುಗಿಸಬೇಡಿ ಎಂದು ತೆಲುಗಿನಲ್ಲಿ ಗದರಿಸಿದ.

ದೊಡ್ಡ ಅಧಿಕಾರಿಯೊಬ್ಬರ ಆತ್ಮಕಥೆಯನ್ನು ನಾನು ಮೆಚ್ಚಿಕೊಂಡೇ ಓದುತ್ತಿದ್ದೆ. ಭಾಷೆ ನಯವಾಗಿತ್ತು, ಇಡೀ ಸೇವಾವಧಿಯಲ್ಲಿ ಅವರೊಂದು ತಪ್ಪನ್ನೂ ಮಾಡಿರಲಿಲ್ಲ. ಐದು ದಿನ ಕೇಳಿದ ಶರಣಮ್ಮ, "ಈ ಮನಶ್ಯಾಗ ಹೆಂಡ್ತಿ ಇದ್ದಿದ್ದಿಲ್ಲೇನ್ರಿ?" ಎಂದಳು. ತಿರುವಿ ಹಾಕಿ ನೋಡಿದೆ. ಮದುವೆಯಾದಾಗ ಒಂದು ವಾಕ್ಯ, ಆಕೆ ತೀರಿಕೊಂಡಾಗ ಇನ್ನೊಂದು. ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಅಂದು ಸೂಜಿ ತೆಗೆಸಿಕೊಂಡು ಹೊರಗೆ ಬಂದಾಗ, ನನ್ನ ಹೆಂಡತಿ ವಿಮಲಾ ಎಂದಿನಂತೆ ಬೆಂಚಿನ ಮೇಲೆ ಗೋಡೆಗೊರಗಿ ತೂಕಡಿಸುತ್ತಿದ್ದಳು. ನಾಲ್ಕು ಗಂಟೆ ಅವಳು ಅಲ್ಲಿ ಏನು ಮಾಡುತ್ತಾಳೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳಿದೆ. "ಏನ್ ಮಾಡ್ಲಿ, ಕಾಯ್ತೀನಿ," ಎಂದಳು.

ಇನ್ನು ಪ್ರವಾಸಕಥನದ ಮಾತು. ಅದಕ್ಕೆ ಮೊದಲು ನೀರಿನ ವಿಷಯ ಹೇಳಬೇಕು. ನಮ್ಮಂಥವರ ದೇಹದಿಂದ ನೀರು ಹೊರಗೆ ಹೋಗುವುದಿಲ್ಲ. ಕುಡಿದದ್ದೆಲ್ಲ ಒಳಗೇ ನಿಂತು, ಹೆಚ್ಚಾದರೆ ಶ್ವಾಸಕೋಶಕ್ಕೆ ತುಂಬಿಕೊಳ್ಳುತ್ತದೆ. ಹಾಗಾಗಿ ದಿನವಿಡೀ ಅಳೆದು ಕುಡಿಯಬೇಕು. ಮಿಕ್ಕೆಲ್ಲ ನೋವಿಗೂ ಹೊಂದಿಕೊಂಡುಬಿಡಬಹುದು, ಬಾಯಾರಿಕೆಗೆ ಆಗುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದ ನಾನು ಹೈದರಾಬಾದಿನ ಏಪ್ರಿಲ್ ತಿಂಗಳಲ್ಲಿ ನದಿಯೊಂದರ ಮೂಲವನ್ನು ಹುಡುಕಿಕೊಂಡು ಹೋದವರ ಪುಸ್ತಕವನ್ನು ತೆರೆದೆ. ಬರೆದವರು ಸಮರ್ಥರು. ಹಿಮದ ಅಡಿಯಿಂದ ಒಸರುವ ನೀರಿಗೆ ಬೊಗಸೆ ಒಡ್ಡುತ್ತಾರೆ, ಹಲ್ಲು ಜುಮ್ಮೆನ್ನುತ್ತದೆ, ಮತ್ತೆ ಒಡ್ಡುತ್ತಾರೆ. ಓದುವ ರಭಸದಲ್ಲಿ ಪಕ್ಕಕ್ಕೆ ತಿರುಗಿದೆ. ಶರಣಮ್ಮ ಕಣ್ಣು ಮುಚ್ಚಿದ್ದಳು. ಗಂಟಲು ಮಾತ್ರ ಏರಿಳಿಯುತ್ತಿತ್ತು, ಗುಟುಕರಿಸುವವರ ಹಾಗೆ. ನಾನು ಪುಸ್ತಕ ಮಡಚಿದೆ.

"ಯಾಕ ನಿಲ್ಲಿಸಿದ್ರಿ? ಆ ಬೊಗಸಿ ನೀರಿಂದು ಇನ್ನೊಮ್ಮೆ ಓದ್ರಿ."

ಓದಬಾರದಿತ್ತು. ಓದಿದೆ. ಆ ಪುಸ್ತಕ ಹೇಗಿದೆ ಎಂದು ಯಾರಾದರೂ ಕೇಳಿದರೆ ನಾನು ಮಾತು ಬದಲಿಸುತ್ತೇನೆ.

ಅದಾದ ಮೇಲೆ ಓದಿದ್ದು ಒಂದು ಕಾದಂಬರಿ, ಬಹುಮಾನ ಪಡೆದದ್ದು. ಅಕ್ಕ ತಂಗಿಯರಿಬ್ಬರ ಕಥೆ. ಜಗಳವಾಡಿ ಅಕ್ಕ ಮನೆ ಬಿಟ್ಟು ಹೋಗುತ್ತಾಳೆ, ತಂಗಿ ವರ್ಷಗಟ್ಟಲೆ ದಾರಿ ಕಾಯುತ್ತಾಳೆ. ಶರಣಮ್ಮನಿಗೆ ಹಿಡಿಸಿದ ಪುಸ್ತಕ ಅದೊಂದೇ. ಕೇಳಿದಷ್ಟನ್ನು ಸಂಜೆ ಗಂಡನಿಗೆ ಹೇಳುತ್ತಾಳಂತೆ. ಅಕ್ಕ ಬರುತ್ತಾಳೋ ಇಲ್ಲವೋ ಎಂದು ಇಬ್ಬರಿಗೂ ವಾದವಂತೆ. ನಾನೋ ಕಳ್ಳತನದಲ್ಲಿ ಮನೆಯಲ್ಲಿ ಕೊನೆಯ ಅಧ್ಯಾಯ ಓದಿಬಿಟ್ಟಿದ್ದೆ. ಅಕ್ಕ ಬರುವುದಿಲ್ಲ. ತಂಗಿ ಬಾಗಿಲಿಗೆ ಅಗುಳಿ ಹಾಕಿ ದೀಪ ಆರಿಸುವಲ್ಲಿಗೆ ಕಾದಂಬರಿ ಮುಗಿಯುತ್ತದೆ. ಇಷ್ಟು ದೂರ ನಡೆಸಿಕೊಂಡು ಬಂದು ಹೀಗೆ ಕೈಬಿಡುವುದೇ ಎಂದು ನನಗೆ ಲೇಖಕರ ಮೇಲೆ ಸಿಟ್ಟು ಬಂದಿತ್ತು.

ಆ ಅಧ್ಯಾಯವನ್ನು ಅವಳಿಗೆ ಓದುವ ಪ್ರಸಂಗ ಬರಲಿಲ್ಲ. ಮೇ ತಿಂಗಳ ಒಂದು ಸೋಮವಾರ ಪಕ್ಕದ ಹಾಸಿಗೆ ಖಾಲಿಯಿತ್ತು. ಬುಧವಾರ ಬೇರೆ ಯಾರೋ ಮಲಗಿದ್ದರು. ಟೆಕ್ನಿಷಿಯನ್ ನನ್ನ ಕೈಗೆ ಪಟ್ಟಿ ಅಂಟಿಸುತ್ತಲೇ ಹೇಳಿದ. ಭಾನುವಾರ ಎದೆಗೆ ನೀರು ತುಂಬಿಕೊಂಡಿತ್ತಂತೆ, ದೊಡ್ಡ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟಳಂತೆ. ಕೇಳಿದ ಕೂಡಲೇ ನನ್ನ ಕಿವಿಯಲ್ಲಿ ಮೊಳಗಿದ್ದು ನನ್ನದೇ ದನಿ, ಬೊಗಸೆ ನೀರನ್ನು ಎರಡನೆಯ ಸಲ ಓದುತ್ತಿದ್ದ ದನಿ.

ಹತ್ತು ದಿನದ ಮೇಲೆ ಭೀಮಪ್ಪ ಬಂದ. ವಾರ್ಡಿನ ಕಪಾಟಿನಲ್ಲಿದ್ದ ಹೆಂಡತಿಯ ಹೊದಿಕೆಯನ್ನು ಒಯ್ಯಲು ಬಂದವನು, ನಾನು ಹೊರಗೆ ಬರುವವರೆಗೆ ವಿಮಲಾಳ ಜೊತೆ ಬೆಂಚಿನ ಮೇಲೆ ಕೂತು ಕಾದಿದ್ದ. ನಾನು ಪಕ್ಕದಲ್ಲಿ ಕೂತೆ. ಕೇಳದೆಯೇ ಅವನು ಹೇಳತೊಡಗಿದ.

"ಬಿಸಲು ಭಾಳ ಇತ್ರಿ. ಮ್ಯಾಲ ತಗಡು. ಒಂದ ಸಮ ನೀರು ನೀರು ಅಂತಿದ್ಲು. ಬ್ಯಾಡ ಅಂದೆ, ಬೈದೆ. ಕಡೀಕ ನಾನ ಕೊಟ್ಟೆ ಮಾಸ್ತರ. ಒಂದು ಚೆಂಬು ಕುಡದ್ಲು. ಇನ್ನೊಂದು ಕೇಳಿದ್ಲು, ಅದೂ ಕೊಟ್ಟೆ. ಆಕಿ ಮಾರಿ ನೋಡಿ ಕೊಟ್ಟೆ. ಎಷ್ಟೋ ದಿನದ ಮ್ಯಾಲ ನಕ್ಕಿದ್ಲು."

ಆಗಲೇ ನದಿಯ ಪುಸ್ತಕದ ವಿಷಯ ಹೇಳಿಬಿಡಬೇಕಿತ್ತು. ನಿನ್ನ ತಪ್ಪಿನಲ್ಲಿ ನನ್ನ ಪಾಲೂ ಇರಬಹುದಪ್ಪ ಎನ್ನಬೇಕಿತ್ತು. ಅವನು ಹೊದಿಕೆಯನ್ನು ತೊಡೆಯ ಮೇಲೆ ಮಡಚುತ್ತ, ಬಿಚ್ಚುತ್ತ, ಕೊನೆಗೆ ಕೇಳಿದ.

"ಮಾಸ್ತರ, ಆ ಕಥಿಯಾಗ ಅಕ್ಕ ತಿರುಗಿ ಬಂದ್ಲೇನ್ರಿ?"

ನಾನು ಕ್ಷಣವೂ ಯೋಚಿಸಲಿಲ್ಲ. "ಬಂದ್ಲು ಭೀಮಣ್ಣ. ತಂಗಿ ಬಾಗಲಾ ಹಾಕೂ ಹೊತ್ತಿನಾಗ ಬಂದ್ಲು," ಎಂದೆ. ಅಕ್ಕನ ಕೈಯಲ್ಲೊಂದು ಗಂಟನ್ನೂ ಇಟ್ಟೆ. ಆ ಹೊತ್ತಿಗೆ ಬಹುಮಾನ ಕೊಡಬೇಕಾದದ್ದು ನನಗೇ ಎನ್ನಿಸಿತು.

ಅವನು ತಲೆ ತಗ್ಗಿಸಿದ. "ಬರ್ತಾಳ ಅಂತ ನಾ ಅಂದಿದ್ದೆ. ಆಕಿ ಒಪ್ಪಲಿಲ್ರಿ. ಹೋದಾಕಿ ಬರಂಗಿಲ್ಲ, ನೋಡ್ತಿರು ಅಂದಿದ್ಲು. ಹಂಗಾದ್ರ ನಂದ ಖರೇ ಆತು."

ಗೆದ್ದವನ ಮುಖ ಅಷ್ಟು ಸೋತದ್ದನ್ನು ನಾನು ಕಂಡಿರಲಿಲ್ಲ. ಹೊದಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಎದ್ದು ಮೆಟ್ಟಿಲಿಳಿಯತೊಡಗಿದ. ವಿಮಲಾ ನನ್ನ ಮುಖ ನೋಡಿದಳು. ಆ ಕಾದಂಬರಿಯನ್ನು ಅವಳೂ ಓದಿದ್ದಳು.

"ಭೀಮಣ್ಣಾ, ನಿಲ್ಲು," ಎಂದು ಕೂಗಿದೆ. "ನಾ ಸುಳ್ಳು ಹೇಳಿದೆ. ಅಕ್ಕ ಬರಂಗಿಲ್ಲ. ಶರಣಮ್ಮ ಅಂದದ್ದ ಖರೇ."

ಅವನು ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡಿದ. ಆಮೇಲೆ ನಕ್ಕ. "ನನಗ ಗೊತ್ತಿತ್ತು ಬಿಡ್ರಿ," ಎಂದ. "ಆಕಿ ಅಂದದ್ದು ಯಾವತ್ತೂ ತಪ್ಪಿದ್ದಿಲ್ಲ." ಹೇಳುತ್ತ ಹೇಳುತ್ತ ಅಲ್ಲೇ ಕೂತುಬಿಟ್ಟ. ಹೊದಿಕೆಯಲ್ಲಿ ಮುಖವಿಟ್ಟು ಅತ್ತ, ಗಟ್ಟಿಯಾಗಿ, ಹೋಗಿಬರುವವರೆಲ್ಲ ನಿಲ್ಲುವ ಹಾಗೆ. ವಿಮಲಾ ಹೋಗಿ ಅವನ ಪಕ್ಕದಲ್ಲಿ ಕೂತಳು.

ಅಷ್ಟು ಪುಸ್ತಕ ಓದಿದ ನಾನು ಅವನಿಗೆ ಸಮಾಧಾನ ಕೊಡಲೆಂದು ಒಂದು ಒಳ್ಳೆಯ ಮುಕ್ತಾಯವನ್ನೇ ಕಟ್ಟಿದ್ದೆ. ಅವನಿಗೆ ಬೇಕಾಗಿದ್ದದ್ದು ಹೆಂಡತಿಯ ಎದುರು ಇನ್ನೊಂದು ಸಲ ಸೋಲುವುದು.