ಸೊನ್ನೆಗಿಂತ ಕೆಳಗೆ

ಗೋದಾಮಿನಲ್ಲಿ ಸೊನ್ನೆಗಿಂತ ಕಡಿಮೆ ಸಾಮಾನು ಇರಲು ಸಾಧ್ಯವಿಲ್ಲ. ಈ ದೇಶದಲ್ಲಿ ನಾನು ಕಲಿತ ಮೊದಲ ಪಾಠ ಇದು. ಇಂಗ್ಲೆಂಡಿನ ಕವೆಂಟ್ರಿಯ ಹತ್ತಿರದ ಒಂದು ದೊಡ್ಡ ಗೋದಾಮಿಗೆ ಏಳು ವರ್ಷ ಸಾಫ್ಟ್‌ವೇರ್ ಬರೆದೆ. ಕಪಾಟಿನಲ್ಲಿ ಮೈನಸ್ ಮೂರು ಟೋಸ್ಟರ್ ಇದೆ ಎಂದು ಪರದೆ ತೋರಿಸಿದರೆ ಯಾರೋ ಎಡವಟ್ಟು ಮಾಡಿದ್ದಾರೆ ಎಂದೇ ಅರ್ಥ. ಅದಕ್ಕೆ ಮೈನಸ್ ಕಂಡರೆ ಬಾಗಿಲಲ್ಲೇ ತಡೆಯುವ ಒಂದು ನಿಯಮ ಬರೆದಿದ್ದೆ. ಅದರ ಮೇಲೆ ನನಗೆಷ್ಟು ಅಭಿಮಾನವೆಂದರೆ, ಕೆಲಸ ಬದಲಿಸಿ ಮ್ಯಾಂಚೆಸ್ಟರ್ ಹತ್ತಿರದ ಬರ್ಚ್‌ವುಡ್‌ಗೆ ಬಂದಾಗ ಅದನ್ನೂ ಗಂಟು ಕಟ್ಟಿಕೊಂಡು ಬಂದೆ.

ಬರ್ಚ್‌ವುಡ್‌ನಲ್ಲಿ ನಮ್ಮದು ಎಂಟು ಜನರ ಚಿಕ್ಕ ಆಫೀಸು. ಸಂಶೋಧಕರಿಗಾಗಿ ಒಂದು ವೆಬ್‌ಸೈಟ್ ಕಟ್ಟುವುದು ನಮ್ಮ ಕೆಲಸ. ಇಂಥ ವರ್ಷ ಕಲ್ಲಿದ್ದಲು ಬಿಟ್ಟರೆ, ಇಷ್ಟು ಗಾಳಿಯಂತ್ರ ನೆಟ್ಟರೆ, ಮನೆ ಬೆಚ್ಚಗಿಡಲು ಗ್ಯಾಸಿನ ಬದಲು ವಿದ್ಯುತ್ತಿನ ಹೀಟ್ ಪಂಪ್ ಹಾಕಿದರೆ ಶತಮಾನದ ಕೊನೆಯವರೆಗೆ ವರ್ಷಕ್ಕೆ ಎಷ್ಟು ಇಂಗಾಲ ಗಾಳಿಗೆ ಸೇರುತ್ತದೆ ಎಂದು ಲೆಕ್ಕ ಹಾಕುವವರು ಲೀಡ್ಸ್, ನಾಟಿಂಗ್‌ಹ್ಯಾಮ್, ಮ್ಯಾಂಚೆಸ್ಟರ್ ಎಲ್ಲ ಕಡೆ ಇದ್ದಾರೆ. ಒಂದೊಂದು ಲೆಕ್ಕಕ್ಕೂ ಅವರು ಸನ್ನಿವೇಶ ಎನ್ನುತ್ತಾರೆ. ಒಬ್ಬರು ಟನ್ನಿನಲ್ಲಿ ಬರೆದರೆ ಇನ್ನೊಬ್ಬರು ಸಾವಿರ ಟನ್ನಿನಲ್ಲಿ ಬರೆಯುತ್ತಾರೆ. ಒಬ್ಬರ ಸ್ಕಾಟ್ಲೆಂಡ್ ಬ್ರಿಟನ್ನಿನೊಳಗೆ, ಇನ್ನೊಬ್ಬರದು ಹೊರಗೆ. ಎಲ್ಲರೂ ಒಂದೇ ನಮೂನೆಯಲ್ಲಿ ಫೈಲ್ ಹಾಕಿದರೆ ನಮ್ಮ ಸೈಟ್ ಅವನ್ನು ಪಕ್ಕಪಕ್ಕದಲ್ಲಿ ಗೆರೆಗಳಾಗಿ ಬಿಡಿಸಿ ತೋರಿಸುತ್ತದೆ. ಫೈಲ್ ಸರಿಯಿದ್ದರೆ ಹಸಿರು ಟಿಕ್, ತಪ್ಪಿದ್ದರೆ ಕೆಂಪು ಸಾಲು. ಆ ಕೆಂಪು ಸಾಲುಗಳೆಲ್ಲ ನನ್ನ ಕೈಬರಹ ಎಂದುಕೊಳ್ಳಿ. ಮನೆಯಲ್ಲೂ ನೀನು ಹೀಗೇ, ಡಬ್ಬಿಗೆ ಚೀಟಿ ಅಂಟಿಸದಿದ್ದರೆ ಬೇಳೆಯನ್ನೂ ನಂಬುವುದಿಲ್ಲ ಎಂದು ಹೆಂಡತಿ ಛೇಡಿಸುತ್ತಾಳೆ.

ಆ ವಸಂತದಲ್ಲಿ ಎಲ್ಲ ತಂಡಗಳ ಲೆಕ್ಕಗಳನ್ನು ಹೋಲಿಸುವ ದೊಡ್ಡ ಸಭೆಯೊಂದು ಆನ್‌ಲೈನಿನಲ್ಲಿ ನಡೆಯಬೇಕಿತ್ತು. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಫೈಲುಗಳಿಗೆ ಬೀಗ, ಎರಡಕ್ಕೆ ಸಭೆ. ಅದಕ್ಕೆ ಒಂದು ತಿಂಗಳ ಮೊದಲಿನಿಂದಲೂ ಶೆಫೀಲ್ಡಿನ ಒಬ್ಬ ಸಂಶೋಧಕಿಯ ಫೈಲ್ ನನ್ನ ಬಾಗಿಲಲ್ಲಿ ಮುಗ್ಗರಿಸುತ್ತಲೇ ಇತ್ತು. ಹೆಸರು ನೋಡಿದರೆ ನಮ್ಮ ಕಡೆಯವರೇ, ಧಾರವಾಡದವರು ಎಂದು ಆಮೇಲೆ ತಿಳಿಯಿತು. ಆದರೂ ಇಬ್ಬರೂ ಬಿಗುಮಾನದಿಂದ ಇಂಗ್ಲಿಷಿನಲ್ಲೇ ಬರೆದುಕೊಳ್ಳುತ್ತಿದ್ದೆವು. ಅವರ ಮೇಲ್‌ಗಳು ಉದ್ದ. ನನ್ನ ಉತ್ತರ ಎರಡು ಸಾಲು: ಸೂಚನೆಗಳ ಪುಟ ಓದಿ, ಫೈಲ್ ಸರಿಪಡಿಸಿ ಮತ್ತೆ ಹಾಕಿ. ಈ ಎರಡು ಸಾಲನ್ನು ನಾನು ಬರೆಯುತ್ತಲೂ ಇರಲಿಲ್ಲ, ಮೊದಲೇ ಮಾಡಿಟ್ಟದ್ದನ್ನು ಅಂಟಿಸುತ್ತಿದ್ದೆ. ಇಷ್ಟು ಓದಿದವರಿಗೆ ಒಂದು ಫೈಲ್ ನೆಟ್ಟಗೆ ಹಾಕಲು ಬರುವುದಿಲ್ಲವಲ್ಲ ಎಂದು ಮೈ ಉರಿಯುತ್ತಿತ್ತು. ಈ ಹೋಲಿಕೆಯಲ್ಲಿ ಅವರ ಕೆಲಸ ಕಾಣಿಸಿಕೊಂಡರೆ ಮಾತ್ರ ಅವರ ಗುತ್ತಿಗೆ ಮುಂದುವರಿಯುತ್ತದೆ, ಇಲ್ಲದಿದ್ದರೆ ವೀಸಾ ಸಮೇತ ಗಂಟುಮೂಟೆ ಕಟ್ಟಬೇಕು ಎನ್ನುವುದು ಆ ಉದ್ದ ಮೇಲ್‌ಗಳಲ್ಲೇ ಇತ್ತಂತೆ. ನಾನು ಅಲ್ಲಿಯವರೆಗೆ ಹೋಗಿರಲೇ ಇಲ್ಲ.

ಕೊನೆಗೆ ಸೋಮವಾರ ಹಸಿರು ಟಿಕ್ ಬಿತ್ತು. ನಾನು ಉದಾರಿಯಾಗಿ ಅಭಿನಂದನೆ ಕಳಿಸಿದೆ.

ಬುಧವಾರ ಶೆಫೀಲ್ಡಿನಲ್ಲಿ ನನ್ನದೇ ತರಬೇತಿ. ರೈಲು ಮ್ಯಾಂಚೆಸ್ಟರ್ ದಾಟಿ ಬೆಟ್ಟಗಳೊಳಗೆ ನುಗ್ಗಿತು. ಬಿಸಿಲಿತ್ತು, ಕುರಿಗಳಿದ್ದವು, ನನ್ನ ಎದೆಯೂ ಉಬ್ಬಿತ್ತು. ಇಪ್ಪತ್ತು ಜನರ ಮುಂದೆ ಸೈಟ್ ತೆರೆದು ಒಂದೊಂದೇ ಗೆರೆ ತೋರಿಸಿದೆ. ಉಳಿದವರ ಗೆರೆಗಳೆಲ್ಲ ಇಳಿಯುತ್ತಾ ಬಂದು ಶತಮಾನದ ಕೊನೆಗೆ ಸೊನ್ನೆ ಮುಟ್ಟುತ್ತಿದ್ದವು. ಶೆಫೀಲ್ಡಿನದು ಮಾತ್ರ ಶತಮಾನದ ಮಧ್ಯದಲ್ಲಿ ಸೊನ್ನೆಗೆ ಬಂದು, ಅಲ್ಲಿಂದ ಕೊನೆಯವರೆಗೆ ನೆಲಕ್ಕೆ ಅಂಟಿಕೊಂಡು ಮಲಗಿತ್ತು. ಊಟವಾದ ಮೇಲೆ ನಿದ್ದೆ ಹತ್ತಿದಂತಿದೆ ಎಂದು ತಮಾಷೆ ಮಾಡಿದೆ. ಜನ ನಕ್ಕರು. ಹಿರಿಯ ಪ್ರೊಫೆಸರ್ ಒಬ್ಬರು, ಅಲ್ಲಿಗೇ ಯಾಕೆ ನಿಂತಿತು ಎಂದು ಹಿಂದಿನ ಸಾಲಿನಲ್ಲಿದ್ದ ಸಂಶೋಧಕಿಯನ್ನು ಕೇಳಿದರು. ಅವರು ಪರಿಶೀಲಿಸುತ್ತೇನೆ ಎಂದಷ್ಟೇ ಹೇಳಿದರು. ಮುಖ ಕೆಂಪಾಗಿತ್ತು.

ತರಬೇತಿ ಮುಗಿದ ಮೇಲೆ ಕಾಫಿ ಕುಡಿಯೋಣ ಎಂದು ಅವರೇ ಹತ್ತಿರದ ಬ್ರೂಮ್‌ಹಿಲ್‌ನ ಒಂದು ಅಂಗಡಿಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಬೆಂಗಳೂರಿನ ಕನ್ನಡದಲ್ಲಿ ಬಾಡಿಗೆ, ಬಸ್ಸು, ಅದೂ ಇದೂ ಮಾತಾಡಿದರು. ಕೂತು ಕಾಫಿ ಬಂದ ಮೇಲೆ ಧಾರವಾಡ ಹೊರಬಂತು.

"ನಿಮ್ಮ ವೆಬ್‌ಸೈಟ್ ಒಳಗ ಬಿಡಲಿಲ್ಲ ನೋಡ್ರಿ. ಅದಕ್ಕ ಮೈನಸ್ ಇದ್ದದ್ದೆಲ್ಲಾ ನಾನೇ ಸೊನ್ನಿ ಮಾಡಿದೆ. ಏನೂ ಇಲ್ಲದ್ದಕ್ಕಿಂತ ಸುಳ್ಳರೆ ಇರಲಿ ಅನ್ನಿಸ್ತು."

ಇಂಗಾಲ ಮೈನಸ್ ಹೇಗಾಗುತ್ತದೆ ಎಂದು ನಾನು ಕೇಳಿಬಿಟ್ಟೆ. ಎರಡು ವರ್ಷದಿಂದ ಇದೇ ಸೈಟಿನಲ್ಲಿ ಅನ್ನ ತಿನ್ನುತ್ತಿರುವವನು ಕೇಳಬಾರದ ಪ್ರಶ್ನೆ. ಅವರು ಸಿಟ್ಟಾಗದೆ ಹೇಳಿದರು. ಬಿಡುವುದಕ್ಕಿಂತ ಹೆಚ್ಚು ಇಂಗಾಲವನ್ನು ಗಾಳಿಯಿಂದ ವಾಪಸ್ ಎಳೆದುಕೊಂಡರೆ ಲೆಕ್ಕ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಯಾವಾಗ ಹೋಗುತ್ತದೆ, ಎಷ್ಟು ಕೆಳಗೆ ಹೋಗುತ್ತದೆ ಎನ್ನುವುದೇ ಅವರ ಮೂರು ವರ್ಷದ ಕೆಲಸ. ಉಳಿದ ತಂಡಗಳು ಸೊನ್ನೆ ಮುಟ್ಟಿದರೆ ಸಾಕೆಂದು ಅಲ್ಲಿಗೇ ಲೆಕ್ಕ ನಿಲ್ಲಿಸಿದ್ದವು. ನನ್ನ ಗೋದಾಮಿನ ನಿಯಮ ಇವರೊಬ್ಬರನ್ನೇ ಹಿಡಿದು ಹಾಕಿತ್ತು.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ಗ್ರಹಚಾರ.

"ಆರು ಸಲ ಬರದೀನ್ರಿ. ನೀವು ಓದಿಲ್ಲ."

ಅಲ್ಲೇ ಫೋನ್ ತೆಗೆದು ನೋಡಿದೆ. ಆರೂ ಮೇಲ್‌ಗಳಲ್ಲಿ ಇತ್ತು. ಮೈನಸ್ ತಪ್ಪಲ್ಲ, ಅದೇ ನಮ್ಮ ಫಲಿತಾಂಶ ಎಂದು ಮೊದಲನೆಯದರಲ್ಲಿ ವಿನಯವಾಗಿ, ಐದನೆಯದರಲ್ಲಿ ಬೇಡಿಕೊಳ್ಳುವಂತೆ. ಆರನೆಯದರಲ್ಲಿ, ಬೇರೆ ದಾರಿ ಕಾಣದೆ ಸೊನ್ನೆ ತುಂಬಿದ್ದೇನೆ, ಇದು ಸರಿಯಲ್ಲವೆಂದಾದರೆ ದಯವಿಟ್ಟು ತಿಳಿಸಿ ಎಂದು ಬರೆದಿದ್ದರು. ನಾನು ಅಭಿನಂದನೆ ಕಳಿಸಿದ್ದು ಅದಕ್ಕೆ. ಇಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಕ್ಷಮಿಸಿ ಎಂದೆ; ಅವರು ಕೇಕ್ ಆರ್ಡರ್ ಮಾಡಿದರು, ದುಡ್ಡು ನಾನೇ ಕೊಡಬೇಕೆಂದರು.

ಲ್ಯಾಪ್‌ಟಾಪ್ ತೆರೆದು ಆ ನಿಯಮ ಅಳಿಸಿದೆ. ಅವರು ನಿಜವಾದ ಫೈಲ್ ಹಾಕಿದರು, ಟಿಕ್ ಬಿತ್ತು. ಚಿತ್ರ ತೆರೆದರೆ ಗೆರೆಯೇ ಮಾಯ! ಚಿತ್ರದ ತಳವನ್ನೂ ನಾನು ಸೊನ್ನೆಗೇ ಕಟ್ಟಿಹಾಕಿದ್ದೆ, ಗೆರೆ ಅದರಡಿ ನುಸುಳಿ ಹೋಗಿತ್ತು. ಅವರಿಗೆ ನಗು ತಡೆಯಲಾಗಲಿಲ್ಲ. ತಳ ಕೆಳಗಿಳಿಸಿ ಸರಿಮಾಡುವಷ್ಟರಲ್ಲಿ ಅಂಗಡಿಯವರು ಕುರ್ಚಿಗಳನ್ನು ಮೇಜಿನ ಮೇಲೆ ಎತ್ತಿಡಲು ಶುರು ಮಾಡಿದ್ದರು. ಮರುದಿನ ಬೆಳಿಗ್ಗೆ ಎಲ್ಲ ತಂಡಗಳಿಗೂ ಬರೆದೆ: ಶೆಫೀಲ್ಡಿನ ಗೆರೆ ಸೊನ್ನೆಯಲ್ಲಿ ನಿಂತದ್ದು ಅವರ ತಪ್ಪಲ್ಲ, ನನ್ನದು, ನಾನು ತಮಾಷೆ ಮಾಡಿದ್ದೂ ತಪ್ಪು. ಕಳಿಸುವ ಮೊದಲು ಓದಿದ ನಮ್ಮ ಬಾಸ್‌ಗೆ ಕೊನೆಯ ಮಾತು ಬೇಕಿರಲಿಲ್ಲ ಅನ್ನಿಸಿತು. ನಾನು ತೆಗೆಯಲಿಲ್ಲ.

ಶುಕ್ರವಾರದ ಸಭೆಯಲ್ಲಿ ನಾನು ಮೈಕ್ ಬಂದ್ ಮಾಡಿಕೊಂಡು ಕೂತಿದ್ದೆ. ಅದೇ ಪ್ರೊಫೆಸರ್, ಅಷ್ಟು ಕೆಳಗೆ ಹೋಗಿರುವ ಗೆರೆ ಯಾರದು, ವಿವರಿಸಿ ಎಂದರು. ಸಂಶೋಧಕಿ ಮಾತಾಡಿದರು. ಎಷ್ಟು ಕಾಡು ಬೆಳೆಸಬೇಕು, ಯಾವ ಸ್ಥಾವರದ ಹೊಗೆಯನ್ನು ಸಮುದ್ರದಡಿಗೆ ಇಳಿಸಬೇಕು, ಹತ್ತು ವರ್ಷ ತಡ ಮಾಡಿದರೆ ಎಷ್ಟು ಹೆಚ್ಚು ಎಳೆಯಬೇಕಾಗುತ್ತದೆ, ಒಂದೊಂದಾಗಿ ಹೇಳಿದರು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಮೂರು ವರ್ಷದ ಕೆಲಸ ಹೇಳಿ ಮುಗಿಸಲು ಅವರಿಗೆ ನಾಲ್ಕು ನಿಮಿಷ ಸಾಕಾಯಿತು. ಆ ನಾಲ್ಕು ನಿಮಿಷವನ್ನು ನಾನು ಒಂದು ತಿಂಗಳು ಕೊಟ್ಟಿರಲಿಲ್ಲ.