ಸತ್ತವನ ಪಾರ್ಟು

ಮಹಾರಾಷ್ಟ್ರದ ಗಡಿಯೊಳಗಿನ ಕಾಸಾರಶಿರಸಿಯ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗುರುಲಿಂಗಪ್ಪ ಸಾವುಕಾರರಿಗೆ ಎರಡು ಹುಚ್ಚು. ಒಂದು ನಾಟಕ ಆಡುವುದು, ಇನ್ನೊಂದು ನಾಟಕ ಎಂದರೇನೆಂದು ಸಿಕ್ಕವರಿಗೆಲ್ಲ ಹೇಳುವುದು. ಮೊದಲನೆಯದನ್ನು ಹೇಗೋ ಸಹಿಸಬಹುದಿತ್ತು. ಎರಡನೆಯದಕ್ಕೆ ಸಿಕ್ಕಿ ಒದ್ದಾಡಿದವರಲ್ಲಿ ನಾನೇ ಮೊದಲಿಗ. ನನ್ನ ಹೆಸರು ಪಂಡಿತ, ಊರಿನ ಮರಾಠಿ ಶಾಲೆಯ ಮಾಸ್ತರ. ಅವರ ಮೇಳದಲ್ಲಿ ಪರದೆಯ ಹಿಂದೆ ಕುಳಿತು ಮಾತು ಎತ್ತಿಕೊಡುವವನು. ನಮ್ಮ ನಟರಿಗೆ ಕನ್ನಡ ಆಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಹೀಗಾಗಿ ಕನ್ನಡ ಮಾತನ್ನೆಲ್ಲ ಮರಾಠಿ ಅಕ್ಷರದಲ್ಲಿ ಬರೆದುಕೊಡುವ ಕರ್ಮವೂ ನನ್ನದೇ.

ಹರೆಯದಲ್ಲಿ ಸರಕು ತರಲು ಉದಗೀರಕ್ಕೆ ಹೋದಾಗ ಸಾವುಕಾರರು ಯಾರೋ ಶಾಸ್ತ್ರಿಗಳು ನವರಸದ ಮೇಲೆ ಮಾತಾಡುವುದನ್ನು ಕೇಳಿದ್ದರಂತೆ. ಶೃಂಗಾರ, ಹಾಸ್ಯ, ಕರುಣ ಮುಗಿಯುವಷ್ಟರಲ್ಲಿ ಊರಿಗೆ ಮರಳುವ ನಿಲಂಗಾ ಬಸ್ಸಿನ ಹೊತ್ತಾಯಿತು, ಎದ್ದು ಬಂದರು. “ಪೂರ್ತಿ ಕೇಳಿದ್ರ ಕಡೀಗಿ ಶಾಂತರಸ ಸಿಗ್ತಿತ್ತು, ಮನ್ಯಾಗ ನನಗೂ ಆರಾಮ ಇರ್ತಿತ್ತು” ಎಂದು ಅವರ ಹೆಂಡತಿ ಕುಸುಮಬಾಯಿ ಅನ್ನುತ್ತಿದ್ದರು. ಕೇಳಿದ ಮೂರು ರಸದಲ್ಲೇ ಸಾವುಕಾರರು ಎರಡು ಕಾಯಿದೆ ಮಾಡಿಕೊಂಡಿದ್ದರು. ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಹಾಸುತ್ತ ಅವನ್ನೂ ಜೊತೆಗೆ ಹಾಸುವರು.

“ನಟ ಅಂದ್ರ ಪಕ್ಕಾ ಬಣ್ಣದ ಸೀರಿ ಇದ್ದಂಗ. ಎಷ್ಟು ನೀರಾಗ ಹಾಕಿದ್ರೂ ಬಣ್ಣ ಬಿಡಬಾರ್ದು. ಅಳೋದು ನೋಡೋರ ಕೆಲಸ. ನೀನೇ ಅತ್ತರ ಅವ್ರಿಗೇನು ಉಳೀತು?” ಇದು ಒಂದನೆಯ ಕಾಯಿದೆ.

“ನಾಟಕದ ದುಃಖ ಬ್ಯಾರೆ, ಮನಿ ದುಃಖ ಬ್ಯಾರೆ. ನೋಡೋರಿಗಿ ತಮ್ಮ ಮನಿ ನೆನಪಾಯ್ತಂದ್ರ ರಸ ಅಲ್ಲೇ ಖಲಾಸ.” ಇದು ಎರಡನೆಯದು.

ಅವರೇ ಕಟ್ಟಿದ ನಾಟಕವೊಂದಿತ್ತು. ಜಗಳಾಡಿ ಬೇರೆಯಾದ ತಮ್ಮಂದಿರು ಅಣ್ಣ ಸತ್ತ ದಿನ ಒಂದಾಗುವ ಕಥೆ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಸುಡುವುದಿಲ್ಲ. ಮೈ ತೊಳೆದು, ಪದ್ಮಾಸನ ಹಾಕಿ ಕೂಡಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಹಣೆಗೆ ವಿಭೂತಿ ಹಚ್ಚಿ, ಆಮೇಲೆ ಮಣ್ಣು ಕೊಡುತ್ತೇವೆ. ಕೊನೆಯ ಸೀನಿನಲ್ಲಿ ಸಾವುಕಾರರೇ ಸತ್ತ ಅಣ್ಣನಾಗಿ ಕಾಲು ಗಂಟೆ ಕೂಡುವರು. ಮೂಗಿನ ಮೇಲೆ ನೊಣ ಕೂತರೂ ಅಲುಗಾಡುತ್ತಿರಲಿಲ್ಲ. ರಾಜನ ಪಾರ್ಟನ್ನು ಯಾರಾದರೂ ಮಾಡಿಯಾರು, ಸತ್ತವನ ಪಾರ್ಟು ಮಾಡುವುದಕ್ಕೆ ಗುಂಡಿಗೆ ಬೇಕು ಎಂಬುದು ಅವರ ಜಂಬ.

ಆ ಜಂಬಕ್ಕೆ ಒಮ್ಮೆ ಪೆಟ್ಟು ಬಿದ್ದಿತ್ತು. ಉಮರ್ಗಾ ಕಡೆಯ ಒಂದು ಹಳ್ಳಿಯ ರೈತ ದಿಗಂಬರ ಮತ್ತು ಅವನ ಹೆಂಡತಿ ಪ್ರಯಾಗಬಾಯಿ ಅವರ ಹಳೆಯ ಗಿರಾಕಿಗಳು. ಒಂದು ಸಲ ಸಂತೆಗೆ ಬಂದವರು ನಾಟಕಕ್ಕೂ ಕುಳಿತರು. ಸಾವಿನ ಸೀನು, ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದಾರೆ. ಆಗ ದಿಗಂಬರ ಗಟ್ಟಿಯಾಗಿ, “ಸತ್ತಂವನ ಮೀಸಿ ಕುಣೀಲಕತ್ಯಾದ ನೋಡ್ರೋ!” ಎಂದುಬಿಟ್ಟ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಮರುದಿನವೇ ಸಾವುಕಾರರು ಮೀಸೆ ಬೋಳಿಸಿಕೊಂಡರು, ಮತ್ತೆ ಬಿಡಲಿಲ್ಲ. ದಿಗಂಬರನ ಮೇಲೆ ಸಿಟ್ಟೇನೂ ಇರಲಿಲ್ಲ, ಬಂದಾಗಲೆಲ್ಲ ಚಹಾ ತರಿಸುತ್ತಿದ್ದರು.

ಆಮೇಲೆ ಭೂಕಂಪ ಆಯಿತು. ನಮ್ಮೂರಲ್ಲಿ ಗೋಡೆ ಬಿರುಕು ಬಿಟ್ಟವು. ದಿಗಂಬರನ ಊರಲ್ಲಿ ಗೋಡೆಗಳೇ ಉಳಿಯಲಿಲ್ಲ, ದಿಗಂಬರನೂ ಉಳಿಯಲಿಲ್ಲ. ಮರುವರ್ಷದ ಚಳಿಗಾಲದಲ್ಲಿ ಆ ಊರಿನ ತಗಡಿನ ಶೆಡ್ಡುಗಳಿಂದ ಕರೆ ಬಂತು, ಒಂದು ನಾಟಕ ಆಡ್ರಿ, ಜನ ನಗೋದು ಮರ್ತಾರ ಎಂದು. ಕತ್ತಲಾದರೆ ಜನ ಬೆದರುತ್ತಾರೆ, ಮಧ್ಯಾಹ್ನವೇ ಆಡ್ರಿ ಎಂದೂ ಹೇಳಿಕಳಿಸಿದ್ದರು.

“ಮಾಸ್ತರ, ಸಾವಿನ ಸೀನ್ ತಗೀರಿ” ಎಂದರು ಸಾವುಕಾರರು. “ಆ ಮಂದಿ ಮುಂದ ಹೆಣ ಕೂಡ್ಸೋದು ಪಾಪ. ರಸ ಅಂತೂ ಬರಂಗಿಲ್ಲ, ಸಂಕಟ ಬರ್ತದ.” ಎರಡನೆಯ ಕಾಯಿದೆ! ಅಣ್ಣನಿಗೆ ಜ್ವರ ಬಂದು, ಬಿಟ್ಟು, ಎಲ್ಲರೂ ಕೂಡಿ ಉಣ್ಣುವಂತೆ ನಾನು ಬೇರೆ ಕೊನೆ ಬರೆದೆ. ಅಷ್ಟು ಸಪ್ಪೆ ಬರಹವನ್ನು ನಾನು ಜನ್ಮದಲ್ಲಿ ಬರೆದಿಲ್ಲ.

ಜನ ನಕ್ಕರು. ಸಾವುಕಾರರ ಮಗ ರವಿಕಾಂತ ಕಿರಿಯ ತಮ್ಮನಾಗಿ ಚೆನ್ನಾಗಿಯೇ ನಗಿಸಿದ. ಜ್ವರ ಬಿಟ್ಟಿತು, ಊಟ ಆಯಿತು, ಮಂಗಳ ಹಾಡಲು ಎಲ್ಲರೂ ನಿಂತರು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಪ್ರಯಾಗಬಾಯಿ ಎದ್ದಳು.

“ಸಾವುಕಾರ್ರ, ಆಟ ಮುಗೀಲಿಲ್ಲ. ಅಣ್ಣನ್ನ ಕೂಡ್ಸೋದು ಎಲ್ಲಿ ಹೋಯ್ತು?”

“ಅದು ಬ್ಯಾಡಂತ ತಗದೀವಿ ತಂಗಿ. ನಿಮ್ಮ ಮುಂದ ಹ್ಯಾಂಗ ಮಾಡೋದು?”

“ನಮ್ಮನಿಯವ್ರನ್ನ ಕೂಡ್ಸಲಿಲ್ಲರೀ. ಎಲ್ಲಾರ ಕೂಡ ಒಂದೇ ಬೆಂಕ್ಯಾಗ ಹಾಕಿದ್ರು. ನಾ ದವಾಖಾನ್ಯಾಗ ಇದ್ದೆ. ಹಣಿಗಿ ಒಂದ್ ಬಟ್ಟು ವಿಭೂತಿ ಹಚ್ಚೋದು ಸೈತ ಆಗಲಿಲ್ಲ. ನೀವು ಕೂಡ್ರಿ. ನಾ ನೋಡ್ತೀನಿ.”

ಆ ದಿನಗಳಲ್ಲಿ ಯಾರಿಗೆ ಮಣ್ಣು, ಯಾರಿಗೆ ಬೆಂಕಿ ಎಂದು ಕೇಳುವ ಹೊತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಆಡಿರಲಿಲ್ಲ. ಸಾವುಕಾರರು ಪರದೆಯ ಕಡೆ, ಅಂದರೆ ನನ್ನ ಕಡೆ ನೋಡಿದರು. ನಾನು ಮಾತು ಬರೆದಿದ್ದ ಪುಸ್ತಕ ಮುಚ್ಚಿಟ್ಟೆ. ಅವರು ಅಂಗಿ ತೆಗೆದು, ಕೊರಳಲ್ಲಿದ್ದ ತಮ್ಮದೇ ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು, ಪದ್ಮಾಸನ ಹಾಕಿ ಕಣ್ಣು ಮುಚ್ಚಿದರು.

ರವಿಕಾಂತ ವಿಭೂತಿಗಟ್ಟಿಯನ್ನು ಹಿಡಿದು ಮುಂದೆ ಬಂದ, ಅದು ಅವನ ಪಾರ್ಟು. ಪ್ರಯಾಗಬಾಯಿ ಮೇಲೆ ಹತ್ತಿ ಬಂದು ಅವನ ಕೈಯಿಂದ ಅದನ್ನು ತೆಗೆದುಕೊಂಡಳು. ನಮ್ಮ ಮೇಳದಲ್ಲಿ ನೋಡುವವರು ಮೇಲೆ ಹತ್ತುವಂತಿರಲಿಲ್ಲ, ಹತ್ತಿದವರನ್ನು ಇಳಿಸುವ ಕೆಲಸವೂ ನನ್ನದೇ. ನಾನು ಎದ್ದೆ. ಎದ್ದು ಸುಮ್ಮನೆ ನಿಂತೆ.

ಅವಳು ಗಟ್ಟಿಯನ್ನು ನೀರಲ್ಲಿ ತೇಯ್ದು ಹಣೆಗೆ, ಎದೆಗೆ, ತೋಳಿಗೆ ಮೂರು ಮೂರು ಬೆರಳು ಎಳೆದಳು. ಅವಸರ ಮಾಡಲಿಲ್ಲ. ಸಾವುಕಾರರ ಉಸಿರು ಎಲ್ಲಿತ್ತೋ, ಎದೆ ಒಂದಿಷ್ಟೂ ಅಲುಗಲಿಲ್ಲ. ಆದರೆ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಕೆನ್ನೆಯಿಂದ ಎದೆಗೆ ಹನಿದು ಅಲ್ಲಿಯ ವಿಭೂತಿ ಕರಗಿಸಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಮ್ಮ ಪಕ್ಕಾ ಬಣ್ಣದ ಸೀರೆ ಬಣ್ಣ ಬಿಟ್ಟಿತು.

ಪ್ರಯಾಗಬಾಯಿ ಸೆರಗಿನಿಂದ ಆ ಕಣ್ಣು ಒರೆಸಿದಳು. “ಅಳಬ್ಯಾಡ್ರಿ. ನಾವು ಇಲ್ಲಿ ಆರಾಮ ಅದೀವಿ. ನೀವು ಹೋಗ್ರಿ ಇನ್ನ” ಎಂದಳು. ಕಾಲಿಗೆ ನಮಸ್ಕಾರ ಮಾಡಿ ಕೆಳಗಿಳಿದಳು. ಅವಳ ಹಿಂದೆ ಇನ್ನೊಬ್ಬಳು ಎದ್ದಳು, ಆಮೇಲೆ ಒಬ್ಬ ಮುದುಕ, ಆಮೇಲೆ ಸಾಲೇ ಆಯಿತು. ಬಿಸಿಲು ಇಳಿಯುವವರೆಗೂ ಸಾವುಕಾರರು ಒಬ್ಬೊಬ್ಬರಿಗೂ ಸತ್ತವರಾಗಿ ಕುಳಿತರು. ಪರದೆಯ ಹಿಂದೆ ನಾನು ನಾಚಿಕೆ ಬಿಟ್ಟು ಅತ್ತೆ.

ಮರಳಿ ಬರುವಾಗ ಟೆಂಪೋದಲ್ಲಿ ರವಿಕಾಂತ ಮನಸ್ಸು ಹಗುರ ಮಾಡಲು, “ಅಪ್ಪಾ, ನಿನ್ನ ಎರಡೂ ಕಾಯ್ದೆ ಇವತ್ತ ಮುರುದ್ವಲ್ಲ” ಎಂದ. ಸಾವುಕಾರರು ಮೈಮೇಲಿನ ವಿಭೂತಿಯನ್ನು ಇನ್ನೂ ಒರೆಸಿಕೊಂಡಿರಲಿಲ್ಲ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಸಾವುಕಾರರು ಹೊಸ್ತಿಲು ದಾಟದೆ ಅಂಗಳದಲ್ಲೇ ನಿಂತರು.

“ಕುಸುಮಾ, ಒಂದ್ ಕೊಡ ನೀರು ಹೊರಗೇ ತಾ. ಮಣ್ಣಿಗಿ ಹೋಗಿ ಬಂದೀನಿ.”

ಮಣ್ಣು ಕೊಟ್ಟು ಬಂದವರು ಹೊರಗೆ ಸ್ನಾನ ಮಾಡಿಯೇ ಒಳಗೆ ಬರುವುದು ಅವರ ಮನೆಯ ರೂಢಿ. ಕುಸುಮಬಾಯಿ ಗಾಬರಿಯಾಗಿ ಓಡಿ ಬಂದರು.

“ನಾಟಕಕ್ಕ ಹೋಗಿದ್ರಲ್ಲರೀ? ಯಾರ ಮಣ್ಣಿಗಿ?”

“ದಿಗಂಬರಂದು” ಎಂದರು ಸಾವುಕಾರರು. “ಇವತ್ತ ಆಯ್ತು.”