ಸಮಾಧಿಯೊಳಗಿನ ಮಂಡಕ್ಕಿ

ನಾಳೆ ಈಸ್ಟರ್ ಎಂದು ಅಟ್ಟ ಜಾಡಿಸುವಾಗ ತಗಡಿನ ಡಬ್ಬಿಯೊಂದು ಕೈಗೆ ಸಿಕ್ಕಿತು. ಮುಚ್ಚಳ ತೆಗೆದರೆ ಹಳೇ ಮಂಡಕ್ಕಿಯ ವಾಸನೆ. ನಗು ಬಂತು, ಹಿಂದೆಯೇ ಸಂಕಟವೂ ಆಯಿತು. ಇಲ್ಲೇ ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯ ಗಂಗವ್ವನ ಡಬ್ಬಿ ಅದು.

ನಾನು ಪ್ರೈಮರಿ ಶಾಲೆಯ ಟೀಚರು. ಏನಾದರೂ ಎತ್ತಿ ತೋರಿಸದೆ ಪಾಠ ಮಾಡಿದವಳಲ್ಲ. ಕೆಲವು ವರ್ಷಗಳ ಹಿಂದೆ, ನಮ್ಮ ಪುಟ್ಟ ಚರ್ಚಿನಲ್ಲಿ ಹೆಂಗಸರು ಪ್ರಸಂಗ, ಅಂದರೆ ಸಭೆಗೆ ಉಪದೇಶ, ಮಾಡಿದ್ದೇ ಇರಲಿಲ್ಲ. ಎರಡು ವರ್ಷ ಕಾಡಿ ಬೇಡಿದ ಮೇಲೆ ಪಾಸ್ಟರು, “ಈ ಈಸ್ಟರಿಗೆ ನೀವ ಹೇಳ್ರಿ. ಚಲೋ ಆದ್ರ ಮುಂದ ನೋಡೂಣು” ಎಂದಿದ್ದರು. ಯೇಸುವಿನ ಬರಿದಾದ ಸಮಾಧಿ ತೋರಿಸಲು ಗಂಗವ್ವನ ಡಬ್ಬಿ ಕೇಳಿದೆ. ಖಾಲಿ ಇರಬೇಕೆಂದು ಹೇಳಲಿಲ್ಲ. ಡಬ್ಬಿ ಕೇಳಿದವರು ಮತ್ತೇನು ಕೇಳುತ್ತಾರೆ, ನೀವೇ ಹೇಳಿ? ಹಗುರವಾಗಿಯೇ ಇತ್ತು. ಇಸಕೊಂಡು ಓಡಿದೆ.

“ಮೂರನೇ ದಿನ ಹೆಣ್ಣುಮಕ್ಕಳು ಬಂದು ನೋಡಿದ್ರ ಸಮಾಧ್ಯಾಗ ಏನಿತ್ತು?” ಎಂದು ಗುಡುಗಿ, ಮುಚ್ಚಳ ಕಿತ್ತು ಡಬ್ಬಿ ಬೋರಲು ಹಾಕಿದೆ. ಜರ್ರನೆ ಮಂಡಕ್ಕಿ! ಮುಂದೆ ಕೂತಿದ್ದ ಪಾಸ್ಟರ ಬಿಳಿ ನಿಲುವಂಗಿಯ ತುಂಬ ಮಂಡಕ್ಕಿ. “ಅಕ್ಕೋರ, ಮೆಣಸಿನಕಾಯಿ ಬಜ್ಜಿ ಇಲ್ಲೇನ್ರಿ?” ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ಆಮೆನ್ ಬಿಟ್ಟು ಮೇಯತೊಡಗಿತು. ನನ್ನ ಮೊದಲ ಪ್ರಸಂಗವೇ ಕೊನೆಯದೂ ಆಯಿತೆಂದುಕೊಂಡೆ.

ಸಿಟ್ಟಿನಿಂದ ಬಂದು ಡಬ್ಬಿಯನ್ನು ಗಂಗವ್ವನ ಮುಂದೆ ಕುಕ್ಕಿದೆ.

“ಹಬ್ಬದಾಗ ಖಾಲಿ ಡಬ್ಬಿ ಹೆಂಗ ಕೊಡ್ಲೆವ್ವಾ?” ಎಂದಳು. ನನ್ನ ಅಳು, ಸಮಾಧಿಯ ಕತೆ ಎಲ್ಲ ಕೇಳಿ, “ಅದಿರ್ಲಿ, ಆ ಹೆಣ್ಣುಮಕ್ಕಳು ಬರಿಗೈಲೆ ಬಂದಿದ್ರೇನು?” ಎಂದಳು.

“ಇಲ್ಲ. ಹೆಣಕ್ಕ ಹಚ್ಚಾಕ ಸುಗಂಧ ತಂದಿದ್ರು.”

“ಮತ್ತ ಅವ್ರನ್ನ ಬರಿಗೈಲೆ ಕಳಿಸಿದ್ರೇನು?”

“ಇಲ್ಲ... ಯೇಸು ಎದ್ದಾನ, ಹೋಗಿ ಹೇಳ್ರಿ ಅಂತ ದೇವದೂತರು ಸುದ್ದಿ ಕೊಟ್ಟು ಕಳಿಸಿದ್ರು.”

“ಮೊದಲು ಹೆಣ್ಣುಮಕ್ಕಳಿಗೇ?”

“ಹ್ಞೂಂ.”

“ಹಂಗಾದ್ರ ಖಾಲಿ ಎಲ್ಲಿತ್ತಲೇ, ಹುಚ್ಚಿ? ಈಗ ನೀ ಖಾಲಿ ಡಬ್ಬಿ ತಂದೀಯಲ್ಲ, ಒಯ್ಯಿ ಅದನ್ನ, ತುಂಬಿ ತಾ!”

ಅವಳ ಮಾತನ್ನೇ ಪಾಸ್ಟರಿಗೆ ಒಪ್ಪಿಸಿದೆ. ಅವರು ಕಿಸೆಯಿಂದ ಒಂದು ಮಂಡಕ್ಕಿ ಕಾಳು ತೆಗೆದು ಬಾಯಿಗೆ ಹಾಕಿಕೊಂಡರು. “ಬರೋ ವರ್ಷನೂ ನೀವ ಹೇಳ್ರಿ. ಡಬ್ಬಿ ಮಾತ್ರ ತರಬ್ಯಾಡ್ರಿ.”

ಅಂದಿನಿಂದ ಈಸ್ಟರ್ ಪ್ರಸಂಗ ನನ್ನದೇ. ಗಂಗವ್ವ ಹೋದ ಶ್ರಾವಣದಲ್ಲಿ ತೀರಿಕೊಂಡಳು. ಡಬ್ಬಿ ನನ್ನಲ್ಲೇ ಉಳಿಯಿತು, ನಾಚಿಕೆಗೇಡು.

ಈಗ ಅದನ್ನು ತೊಳೆದು ಒಣಗಿಸಿ, ಮಂಡಕ್ಕಿ ತುಂಬಿ ಪಕ್ಕದ ಮನೆಗೆ ಒಯ್ದೆ. ಅವಳ ಸೊಸೆ ಅಲ್ಲಾಡಿಸಿ ನೋಡಿ, “ಖಾಲಿನ ಕೊಡಬಹುದಿತ್ತಲ್ರಿ ಅಕ್ಕೋರ” ಎಂದಳು.

“ಹಬ್ಬದಾಗ ಖಾಲಿ ಡಬ್ಬಿ ಹೆಂಗ ಕೊಡ್ಲೆವ್ವಾ?” ಎಂದುಬಿಟ್ಟೆ.

ಸೊಸೆ ಎದೆ ಮೇಲೆ ಕೈ ಇಟ್ಟುಕೊಂಡಳು. “ಅಯ್ಯ ಶಿವನ! ನಮ್ಮತ್ತಿ ಎದ್ದು ಬಂದ್ಲಲ್ರಿ!”